ದೊಡ್ಡ ಸಂಖ್ಯೆಯೊಂದನ್ನು ಬಿಡಿಸಿ ನೋಡುವ ಬಗೆ: 8,75,39,319ರ ಗುಣಗಳನ್ನು ಕೈಲೆಕ್ಕದಿಂದ ತಿಳಿಯುವ ಸಮಗ್ರ ಮಾರ್ಗದರ್ಶಿ

ಒಂದು ದೊಡ್ಡ ಪೂರ್ಣಸಂಖ್ಯೆಯ ಗುಣಗಳನ್ನು ತಿಳಿಯಬೇಕೆಂದರೆ ಎಲ್ಲಿಂದ ಆರಂಭಿಸಬೇಕು, ಯಾವ ಲೆಕ್ಕದ ನಂತರ ಯಾವ ಲೆಕ್ಕ ಮಾಡಿದರೆ ಶ್ರಮ ಉಳಿಯುತ್ತದೆ, ಬಂದ ಉತ್ತರವನ್ನು ಹೇಗೆ ತಾಳೆ ನೋಡಬೇಕು ಎಂಬುದನ್ನು ಈ ಬರಹ ಒಂದೇ ಸಂಖ್ಯೆಯನ್ನು ಕೊನೆಯವರೆಗೆ ಹಿಡಿದುಕೊಂಡು ವಿವರಿಸುತ್ತದೆ. ಆ ಸಂಖ್ಯೆ 8,75,39,319, ಅಂದರೆ ಎಂಟು ಕೋಟಿ ಎಪ್ಪತ್ತೈದು ಲಕ್ಷದ ಮೂವತ್ತೊಂಬತ್ತು ಸಾವಿರದ ಮುನ್ನೂರ ಹತ್ತೊಂಬತ್ತು.

ಈ ಸಂಖ್ಯೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಎರಡು ಧನ ಪೂರ್ಣಸಂಖ್ಯೆಗಳ ಘನಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ 1729 ಎಂಬುದು ರಾಮಾನುಜನ್ ಅವರ ಹೆಸರಿನೊಂದಿಗೆ ಬೆಸೆದುಕೊಂಡು ಎಲ್ಲರಿಗೂ ಪರಿಚಿತವಾಗಿದೆ. ಮೂರು ಬಗೆಯಲ್ಲಿ ಹಾಗೆ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆಯೇ 8,75,39,319. ಅದನ್ನು 1957ರಲ್ಲಿ ಜಾನ್ ಲೀಚ್ ಕಂಡುಕೊಂಡರು. ಆದರೆ ಈ ಮೂರು ಬಗೆಗಳನ್ನು ನಾವು ಮೊದಲೇ ತಿಳಿದವರಂತೆ ಬಳಸುವುದಿಲ್ಲ. ಸಂಖ್ಯೆಯನ್ನು ಹೊಸದಾಗಿ ಕಂಡವರಂತೆ ಒಂದೊಂದೇ ಹೆಜ್ಜೆ ಇಟ್ಟು, ಅವು ತಾವಾಗಿಯೇ ಹೊರಬರುವ ಸ್ಥಳಕ್ಕೆ ತಲುಪುತ್ತೇವೆ. ಕಾಗದ, ಪೆನ್ಸಿಲ್ ಮತ್ತು ಗುಣಾಕಾರ ಭಾಗಾಕಾರ ಮಾಡುವ ಸಾಧಾರಣ ಕ್ಯಾಲ್ಕ್ಯುಲೇಟರ್ ಇದ್ದರೆ ಸಾಕು.

ಮೊದಲ ಹೆಜ್ಜೆ: ಗಾತ್ರವನ್ನು ಅಳೆದಿಟ್ಟುಕೊಳ್ಳುವುದು

ಅಪವರ್ತನಗಳನ್ನು ಹುಡುಕುವ ಮೊದಲು ಸಂಖ್ಯೆಯ ವರ್ಗಮೂಲ ಮತ್ತು ಘನಮೂಲ ಯಾವ ಎರಡು ಪೂರ್ಣಸಂಖ್ಯೆಗಳ ನಡುವೆ ಬೀಳುತ್ತವೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. 9356ರ ವರ್ಗ 8,75,34,736. 9357ರ ವರ್ಗ 8,75,53,449. ಆದ್ದರಿಂದ ನಮ್ಮ ಸಂಖ್ಯೆ ಪೂರ್ಣ ವರ್ಗವಲ್ಲ, ಮತ್ತು ಅದರ ವರ್ಗಮೂಲ 9356ಕ್ಕಿಂತ ಸ್ವಲ್ಪವೇ ಹೆಚ್ಚು. ಅದೇ ರೀತಿ 444ರ ಘನ 8,75,28,384. 445ರ ಘನ 8,81,21,125. ಆದ್ದರಿಂದ ಇದು ಪೂರ್ಣ ಘನವೂ ಅಲ್ಲ. ಈ ಎರಡು ಅಳತೆಗಳು ಮುಂದೆ ಹುಡುಕಾಟದ ಗಡಿಗಳಾಗುತ್ತವೆ: ಅಪವರ್ತನಗಳ ಹುಡುಕಾಟ ವರ್ಗಮೂಲದಲ್ಲಿ ನಿಲ್ಲುತ್ತದೆ, ಘನಗಳ ಹುಡುಕಾಟ ಘನಮೂಲದ ಆಸುಪಾಸಿನಲ್ಲಿ ನಡೆಯುತ್ತದೆ.

ಎರಡನೆಯ ಹೆಜ್ಜೆ: ಅಂಕಿಗಳೇ ಹೇಳುವ ಅಪವರ್ತನಗಳು

ಕೊನೆಯ ಅಂಕಿ 9 ಆಗಿರುವುದರಿಂದ 2 ಮತ್ತು 5 ಇದನ್ನು ಭಾಗಿಸುವುದಿಲ್ಲ. 3, 9, 11 ಇವುಗಳಿಗೆ ಶಾಲೆಯಲ್ಲಿ ಕಲಿತ ಬೇರೆ ಬೇರೆ ನಿಯಮಗಳಿವೆ. ಆದರೆ ಎಂಟು ಅಂಕಿಗಳಷ್ಟು ದೊಡ್ಡ ಸಂಖ್ಯೆಗೆ ನಾನು ಒಂದೇ ಉಪಾಯವನ್ನು ಶಿಫಾರಸು ಮಾಡುತ್ತೇನೆ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪುಗಳಾಗಿ ಒಡೆಯಬೇಕು. ಇಲ್ಲಿ ಲಕ್ಷ ಕೋಟಿಗಳ ಅಲ್ಪವಿರಾಮಗಳನ್ನು ಮರೆತು 87, 539, 319 ಎಂದು ಬರೆದುಕೊಳ್ಳಬೇಕು. ಈ ಮೂರು ಗುಂಪುಗಳಿಂದ ಎರಡು ಚಿಕ್ಕ ಸಂಖ್ಯೆಗಳನ್ನು ಪಡೆಯಬಹುದು.

ಗುಂಪುಗಳನ್ನು ಸುಮ್ಮನೆ ಕೂಡಿದರೆ 87 + 539 + 319 = 945 ಬರುತ್ತದೆ. 1000ವನ್ನು 999ರಿಂದ ಭಾಗಿಸಿದಾಗ ಶೇಷ 1 ಉಳಿಯುವುದರಿಂದ, ಮೂಲ ಸಂಖ್ಯೆಯನ್ನು 999ರಿಂದ ಭಾಗಿಸಿದರೆ ಉಳಿಯುವ ಶೇಷವೇ ಈ 945. ಮತ್ತು 999 = 27 × 37. ಈಗ 945 = 27 × 35 ಎಂಬುದನ್ನು ಗಮನಿಸಿದರೆ, ಮೂಲ ಸಂಖ್ಯೆ 27ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, 37ರಿಂದ ಆಗುವುದಿಲ್ಲ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಗುಂಪುಗಳನ್ನು ಬಲದಿಂದ ಆರಂಭಿಸಿ ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತ ಹೋದರೆ 319 − 539 + 87 = −133 ಬರುತ್ತದೆ. 1001 = 7 × 11 × 13 ಆಗಿರುವುದರಿಂದ ಈ −133 ಎಂಬ ಒಂದೇ ಉತ್ತರ ಮೂರು ಅವಿಭಾಜ್ಯಗಳ ಪರೀಕ್ಷೆಯನ್ನು ಮುಗಿಸುತ್ತದೆ. 133 = 7 × 19; ಆದ್ದರಿಂದ 7 ಭಾಗಿಸುತ್ತದೆ. 133 ಎಂಬುದು 11ರ ಅಪವರ್ತ್ಯವೂ ಅಲ್ಲ, 13ರ ಅಪವರ್ತ್ಯವೂ ಅಲ್ಲ. ಆದ್ದರಿಂದ ಅವೆರಡೂ ಹೊರಗೆ. 133ರಲ್ಲಿ 19 ಕಾಣಿಸಿತೆಂದು 19 ಕೂಡ ಮೂಲ ಸಂಖ್ಯೆಯನ್ನು ಭಾಗಿಸುತ್ತದೆ ಎಂದು ತಿಳಿಯಬಾರದು. 1001ರ ಅಪವರ್ತನಗಳ ವಿಷಯದಲ್ಲಿ ಮಾತ್ರ ಈ ಪರೀಕ್ಷೆಗೆ ಅರ್ಥವಿದೆ, ಮತ್ತು ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಈಗ ಭಾಗಾಕಾರ ಮಾಡೋಣ. 8,75,39,319 ÷ 27 = 32,42,197. ಇದರ ಅಂಕಿಗಳ ಮೊತ್ತ 28. ಅದು 3ರ ಅಪವರ್ತ್ಯವಲ್ಲವಾದ್ದರಿಂದ 3ರ ಘಾತ ಸರಿಯಾಗಿ ಮೂರಕ್ಕೆ ನಿಂತಿತು. ಮುಂದೆ 32,42,197 ÷ 7 = 4,63,171. ಮತ್ತೊಮ್ಮೆ 7 ಭಾಗಿಸುತ್ತದೆಯೇ ಎಂದು ನೋಡಲು 171 − 463 = −292; ಇದು 7ರ ಅಪವರ್ತ್ಯವಲ್ಲ. ಸಿಕ್ಕ ಅವಿಭಾಜ್ಯವನ್ನು ಒಮ್ಮೆ ಭಾಗಿಸಿ ಮುಂದೆ ಹೋಗಿಬಿಡದೆ, ಅದು ಇನ್ನೂ ಉಳಿದಿದೆಯೇ ಎಂದು ಪ್ರತಿ ಬಾರಿಯೂ ಕೇಳಬೇಕು.

ಮೂರನೆಯ ಹೆಜ್ಜೆ: ಉಳಿದ ಭಾಗವನ್ನು ಒಡೆಯುವುದು

ಚಿಕ್ಕ ಅಪವರ್ತನಗಳನ್ನು ಮೊದಲೇ ತೆಗೆದುಹಾಕಿದ್ದರ ಲಾಭ ಈಗ ಕಾಣಿಸುತ್ತದೆ. ಮೂಲ ಸಂಖ್ಯೆಯನ್ನು ಹಾಗೆಯೇ ಇಟ್ಟುಕೊಂಡಿದ್ದರೆ 9356ರವರೆಗಿನ ಅವಿಭಾಜ್ಯಗಳನ್ನೆಲ್ಲ ಪ್ರಯತ್ನಿಸುವ ಗಡಿ ಇರುತ್ತಿತ್ತು. ಅಂಥವು ಸಾವಿರಕ್ಕಿಂತ ಹೆಚ್ಚಿವೆ. 4,63,171ರ ವರ್ಗಮೂಲ 680ಕ್ಕಿಂತ ಸ್ವಲ್ಪ ಹೆಚ್ಚು. 680ರವರೆಗೆ ಇರುವುದು 123 ಅವಿಭಾಜ್ಯಗಳು ಮಾತ್ರ, ಅವುಗಳಲ್ಲೂ 13ರವರೆಗಿನವು ಮುಗಿದಿವೆ. ಕ್ರಮವಾಗಿ ಭಾಗಿಸುತ್ತ ಹೋದರೆ 17ಕ್ಕೆ ಶೇಷ 6, 19ಕ್ಕೆ 8, 23ಕ್ಕೆ 20, 29ಕ್ಕೆ 12 ಉಳಿಯುತ್ತವೆ. 31ರಿಂದ ಭಾಗಿಸಿದಾಗ ಶೇಷವಿಲ್ಲದೆ 14,941 ಸಿಗುತ್ತದೆ.

ತಕ್ಷಣ ಗಡಿಯನ್ನು ಮತ್ತೆ ಕುಗ್ಗಿಸಬೇಕು. 14,941ರ ವರ್ಗಮೂಲ 122 ಮತ್ತು 123ರ ನಡುವೆ ಇದೆ. ಆದ್ದರಿಂದ ಇನ್ನು ಪರೀಕ್ಷಿಸಬೇಕಾದದ್ದು 31ರಿಂದ 113ರವರೆಗಿನ ಇಪ್ಪತ್ತು ಅವಿಭಾಜ್ಯಗಳನ್ನು ಮಾತ್ರ. 31ಕ್ಕೆ ಶೇಷ 30. 37ಕ್ಕೂ 30 ಬರಬೇಕು, ಏಕೆಂದರೆ 14,911 ಎಂಬುದು 31 ಮತ್ತು 37 ಎರಡರ ಅಪವರ್ತ್ಯ. 41ಕ್ಕೆ 17, 43ಕ್ಕೆ 20, 47ಕ್ಕೆ 42, 53ಕ್ಕೆ 48, 59ಕ್ಕೆ 14, 61ಕ್ಕೆ 57 ಉಳಿಯುತ್ತವೆ. 67ರಿಂದ ಭಾಗಿಸಿದಾಗ 14,941 = 67 × 223 ಎಂದು ತಿಳಿಯುತ್ತದೆ. 223 ಅವಿಭಾಜ್ಯವೇ ಎಂಬುದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗಿಲ್ಲ. 67ಕ್ಕಿಂತ ಚಿಕ್ಕ ಅವಿಭಾಜ್ಯ ಯಾವುದೂ 14,941ನ್ನು ಭಾಗಿಸಲಿಲ್ಲವಾದ್ದರಿಂದ ಅದರ ಭಾಗವಾದ 223ನ್ನೂ ಭಾಗಿಸಲಾರದು, ಮತ್ತು 223 ಎಂಬುದು 67ರ ವರ್ಗಕ್ಕಿಂತ ಬಹಳ ಚಿಕ್ಕದು.

14,941ನ್ನು ಒಡೆಯಲು ಫರ್ಮಾ ಅವರ ಇನ್ನೊಂದು ದಾರಿಯೂ ಇದೆ. ವರ್ಗಮೂಲಕ್ಕಿಂತ ಮೇಲಿನ 123ರಿಂದ ಆರಂಭಿಸಿ, ಪ್ರತಿ ಸಂಖ್ಯೆಯ ವರ್ಗದಿಂದ 14,941ನ್ನು ಕಳೆದು, ಉಳಿದದ್ದು ಪೂರ್ಣ ವರ್ಗವೇ ಎಂದು ನೋಡುತ್ತ ಹೋಗುವುದು. 145ಕ್ಕೆ ಬಂದಾಗ 21,025 − 14,941 = 6,084 = 78² ಎಂದು ಸಿಗುತ್ತದೆ; ಆಗ 145 − 78 = 67 ಮತ್ತು 145 + 78 = 223. ಎರಡು ಅಪವರ್ತನಗಳು ಪರಸ್ಪರ ಹತ್ತಿರ ಇದ್ದಷ್ಟೂ ಈ ದಾರಿ ಬೇಗ ಮುಗಿಯುತ್ತದೆ. ಇಲ್ಲಿ 23 ಪ್ರಯತ್ನಗಳು ಬೇಕಾದವು, ಆದ್ದರಿಂದ ನೇರ ಭಾಗಾಕಾರವೇ ಹಗುರವಾಯಿತು. ಹತ್ತು ಹದಿನೈದು ಅಂಕಿಗಳನ್ನು ದಾಟಿದ ಸಂಖ್ಯೆಗಳಿಗೆ ಈ ಎರಡೂ ದಾರಿಗಳು ಕೈಯಲ್ಲಿ ಸಾಗುವುದಿಲ್ಲ. ಅಲ್ಲಿ ಉಳಿದ ಭಾಗ ಅವಿಭಾಜ್ಯವೇ ಎಂದು ಮೊದಲು ಪರೀಕ್ಷಿಸಿ, ಅಲ್ಲವೆಂದಾದರೆ ಮಾತ್ರ ಕಂಪ್ಯೂಟರಿನ ನೆರವಿನಿಂದ ಒಡೆಯಲು ಹೊರಡಬೇಕು. ಒಡೆಯುವುದು ಎಷ್ಟು ಕಷ್ಟವೆಂದರೆ, ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವಾದ 250 ಅಂಕಿಗಳ ಆರ್‌ಎಸ್‌ಎ-250 ಎಂಬ ಸಂಖ್ಯೆಯ ಅಪವರ್ತನಗಳು ಸಿಕ್ಕಿದ್ದು 2020ರಲ್ಲಿ.

ನಮ್ಮ ಸಂಖ್ಯೆಯ ಪೂರ್ಣ ಒಡೆತ ಹೀಗಿದೆ:

8,75,39,319 = 3³ × 7 × 31 × 67 × 223

ಇದನ್ನು ತಾಳೆ ನೋಡದೆ ಮುಂದೆ ಹೋಗಬಾರದು. ಎಲ್ಲವನ್ನೂ ಮತ್ತೆ ಗುಣಿಸುವುದು ಒಂದು ಬಗೆ. 11ರಿಂದ ಉಳಿಯುವ ಶೇಷಗಳನ್ನು ಮಾತ್ರ ಗುಣಿಸುವುದು ಅದಕ್ಕಿಂತ ಚುರುಕಾದ ಬಗೆ. 27, 7, 31, 67, 223 ಇವುಗಳ ಶೇಷಗಳು ಕ್ರಮವಾಗಿ 5, 7, 9, 1, 3. ಇವುಗಳ ಗುಣಲಬ್ಧ 945. ಅದನ್ನು 11ರಿಂದ ಭಾಗಿಸಿದರೆ 10 ಉಳಿಯುತ್ತದೆ. ಮೂಲ ಸಂಖ್ಯೆಯ ಶೇಷವೂ −133ರ ಲೆಕ್ಕದಿಂದ 10 ಆಗಿದೆ. 9ರ ಶೇಷದಿಂದ ತಾಳೆ ನೋಡುವ ರೂಢಿ ಹೆಚ್ಚು ಪ್ರಚಲಿತವಾದರೂ, ಎರಡು ಅಂಕಿಗಳು ಸ್ಥಳ ಬದಲಿಸಿಕೊಂಡರೆ ಆ ತಪ್ಪು ಅದಕ್ಕೆ ಕಾಣುವುದಿಲ್ಲ. ಪಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಅದಲುಬದಲಾದರೆ 11ರ ಶೇಷ ಅದನ್ನು ಖಂಡಿತವಾಗಿ ಹಿಡಿಯುತ್ತದೆ. ಬರೆದುಕೊಳ್ಳುವಾಗ ಆಗುವ ತಪ್ಪುಗಳಲ್ಲಿ ಅದು ಬಹಳ ಸಾಮಾನ್ಯವಾದದ್ದು, ಆದ್ದರಿಂದ ನಾನು 11ರ ಪರೀಕ್ಷೆಯನ್ನೇ ನಂಬುತ್ತೇನೆ.

ನಾಲ್ಕನೆಯ ಹೆಜ್ಜೆ: ಒಡೆತದಿಂದ ನೇರವಾಗಿ ಸಿಗುವ ಎಣಿಕೆಗಳು

ಇಲ್ಲಿಂದ ಹಲವು ಗುಣಗಳು ಒಂದೊಂದು ಸಾಲಿನ ಲೆಕ್ಕದಲ್ಲಿ ದೊರೆಯುತ್ತವೆ. ಪ್ರತಿ ಘಾತಾಂಕಕ್ಕೆ 1 ಸೇರಿಸಿ ಗುಣಿಸಿದರೆ ಅಪವರ್ತನಗಳ ಒಟ್ಟು ಸಂಖ್ಯೆ ಬರುತ್ತದೆ: 4 × 2 × 2 × 2 × 2 = 64. ಅಪವರ್ತನಗಳ ಮೊತ್ತಕ್ಕೆ ಪ್ರತಿ ಅವಿಭಾಜ್ಯದ ಘಾತಗಳನ್ನು 1ರಿಂದ ಆರಂಭಿಸಿ ಕೂಡಿ, ಬಂದವುಗಳನ್ನು ಗುಣಿಸಬೇಕು. 3ಕ್ಕೆ 1 + 3 + 9 + 27 = 40; ಉಳಿದವುಗಳಿಗೆ 8, 32, 68, 224. ಗುಣಲಬ್ಧ 15,59,75,680. ಇದರಿಂದ ಮೂಲ ಸಂಖ್ಯೆಯನ್ನು ಕಳೆದರೆ, ಅದನ್ನು ಬಿಟ್ಟು ಉಳಿದ 63 ಅಪವರ್ತನಗಳ ಮೊತ್ತ 6,84,36,361 ಎಂದಾಗುತ್ತದೆ. ಅದು ಮೂಲ ಸಂಖ್ಯೆಗಿಂತ ಕಡಿಮೆ; ಪರಿಪೂರ್ಣ ಸಂಖ್ಯೆಗಳಲ್ಲಿ ಈ ಎರಡೂ ಸರಿಸಮವಾಗಿರುತ್ತವೆ.

ನಮ್ಮ ಸಂಖ್ಯೆಯವರೆಗಿನ ಪೂರ್ಣಸಂಖ್ಯೆಗಳಲ್ಲಿ ಅದರೊಂದಿಗೆ 1ನ್ನು ಬಿಟ್ಟು ಬೇರೆ ಯಾವ ಸಾಮಾನ್ಯ ಅಪವರ್ತನವೂ ಇಲ್ಲದವು ಎಷ್ಟು ಎಂಬುದು ಆಯ್ಲರ್ ಅವರ ಎಣಿಕೆ. ಅದು 18 × 6 × 30 × 66 × 222 = 4,74,72,480; ಅಂದರೆ ಒಟ್ಟಿನಲ್ಲಿ ಸುಮಾರು ಶೇಕಡ 54. ಇಲ್ಲಿ 18 ಎಂಬುದು 27ರಲ್ಲಿ 3ರ ಅಪವರ್ತ್ಯಗಳನ್ನು ಬಿಟ್ಟು ಉಳಿದದ್ದು, ಬೇರೆಯವು ಆಯಾ ಅವಿಭಾಜ್ಯಕ್ಕಿಂತ ಒಂದು ಕಡಿಮೆ. ಈ ಐದೂ ಸಂಖ್ಯೆಗಳು 6ರ ಅಪವರ್ತ್ಯಗಳು ಎಂಬುದನ್ನು ಇಲ್ಲಿಯೇ ಗುರುತು ಹಾಕಿಕೊಳ್ಳಬೇಕು. ಅದರ ಕಾರಣ ಮುಂದೆ ಬಹಳ ಮುಖ್ಯವಾಗುತ್ತದೆ.

1ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬರುವ ದಶಮಾಂಶ ಎಷ್ಟು ಅಂಕಿಗಳಿಗೊಮ್ಮೆ ಮರುಕಳಿಸುತ್ತದೆ ಎಂಬುದನ್ನೂ ಇಡೀ ಭಾಗಾಕಾರ ಮಾಡದೆ ಹೇಳಬಹುದು. 1/27ರ ಆವರ್ತ 3 ಅಂಕಿಗಳದ್ದು, 1/7ರದ್ದು 6, 1/31ರದ್ದು 15, 1/67ರದ್ದು 33, 1/223ರದ್ದು 222. ಇವುಗಳ ಲ.ಸಾ.ಅ. 12,210. ಅಷ್ಟು ಅಂಕಿಗಳ ಸರಣಿ ಮುಗಿದ ಮೇಲೆ ದಶಮಾಂಶ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ಐದನೆಯ ಹೆಜ್ಜೆ: ವರ್ಗಗಳ ಮೊತ್ತವಾಗುತ್ತದೆಯೇ?

ಎರಡು ವರ್ಗಗಳ ವ್ಯತ್ಯಾಸವಾಗಿ ಈ ಸಂಖ್ಯೆಯನ್ನು ಬರೆಯುವುದು ಬಹಳ ಸುಲಭ. ಬೆಸ ಸಂಖ್ಯೆಯನ್ನು ಎರಡು ಅಪವರ್ತನಗಳ ಗುಣಲಬ್ಧವಾಗಿ ಬರೆದಾಗಲೆಲ್ಲ ಅಂಥ ಒಂದು ವ್ಯತ್ಯಾಸ ಸಿಗುತ್ತದೆ. 64 ಅಪವರ್ತನಗಳು 32 ಜೋಡಿಗಳಾಗುವುದರಿಂದ 32 ಬಗೆಗಳಿವೆ. ಪರಸ್ಪರ ಅತಿ ಹತ್ತಿರದ ಜೋಡಿ 6,913 ಮತ್ತು 12,663. ಅವುಗಳ ಮೊತ್ತದ ಅರ್ಧ 9,788, ವ್ಯತ್ಯಾಸದ ಅರ್ಧ 2,875; ಆದ್ದರಿಂದ 9788² − 2875² = 8,75,39,319.

ಮೊತ್ತದ ವಿಷಯ ಹಾಗಲ್ಲ. ಯಾವುದೇ ವರ್ಗವನ್ನು 4ರಿಂದ ಭಾಗಿಸಿದರೆ ಶೇಷ 0 ಅಥವಾ 1 ಮಾತ್ರ. ನಮ್ಮ ಸಂಖ್ಯೆಯ ಕೊನೆಯ ಎರಡು ಅಂಕಿಗಳು 19. ಅದರ ಶೇಷ 3. ಎರಡು ವರ್ಗಗಳ ಶೇಷಗಳು ಕೂಡಿ 3 ಆಗಲಾರವು. ಆದ್ದರಿಂದ ಎರಡು ವರ್ಗಗಳ ಮೊತ್ತವಾಗಿ ಇದನ್ನು ಬರೆಯಲು ಸಾಧ್ಯವೇ ಇಲ್ಲ.

ಮೂರು ವರ್ಗಗಳಾದರೆ? ವರ್ಗವನ್ನು 8ರಿಂದ ಭಾಗಿಸಿದಾಗ 0, 1, 4 ಇವುಗಳಲ್ಲಿ ಒಂದು ಉಳಿಯುತ್ತದೆ. ಕೊನೆಯ ಮೂರು ಅಂಕಿಗಳಾದ 319ನ್ನು 8ರಿಂದ ಭಾಗಿಸಿದರೆ 7 ಉಳಿಯುತ್ತದೆ. 0, 1, 4 ಇವುಗಳಿಂದ ಮೂರನ್ನು ಹೇಗೆ ಆರಿಸಿ ಕೂಡಿದರೂ 8ರ ಲೆಕ್ಕದಲ್ಲಿ 7 ಬರುವುದಿಲ್ಲ. ಸಂಖ್ಯೆಯನ್ನು ದ್ವಿಮಾನ ಪದ್ಧತಿಯಲ್ಲಿ ಬರೆದವರಿಗೆ ಇದು ಇನ್ನೂ ಬೇಗ ಕಾಣಿಸುತ್ತದೆ: 101001101111011111001110111 ಎಂಬ 27 ಅಂಕಿಗಳ ಸಾಲು 111ರಲ್ಲಿ ಮುಗಿಯುತ್ತದೆ, ಮತ್ತು ಹಾಗೆ ಮುಗಿಯುವ ಯಾವ ಸಂಖ್ಯೆಯೂ ಮೂರು ವರ್ಗಗಳ ಮೊತ್ತವಲ್ಲ.

ಪ್ರತಿ ಧನ ಪೂರ್ಣಸಂಖ್ಯೆಯನ್ನೂ ಹೆಚ್ಚೆಂದರೆ ನಾಲ್ಕು ವರ್ಗಗಳ ಮೊತ್ತವಾಗಿ ಬರೆಯಬಹುದೆಂದು 1770ರಲ್ಲಿ ಲಗ್ರಾಂಜ್ ಸಾಧಿಸಿದರು. ಆದ್ದರಿಂದ ನಾಲ್ಕು ಸಾಕು, ಮತ್ತು ಇಲ್ಲಿ ನಾಲ್ಕೂ ಬೇಕೇ ಬೇಕು. ಅವುಗಳನ್ನು ಹುಡುಕುವಾಗ 8ರ ಶೇಷವೇ ದಾರಿ ತೋರಿಸುತ್ತದೆ: 7 ಆಗಬೇಕಾದರೆ ಮೂರು ಸಂಖ್ಯೆಗಳು ಬೆಸವಾಗಿರಬೇಕು, ನಾಲ್ಕನೆಯದು 4ರಿಂದ ಭಾಗಿಸಿದಾಗ 2 ಉಳಿಸುವ ಸರಿಸಂಖ್ಯೆಯಾಗಿರಬೇಕು. ಹಾಗಾಗಿ ವರ್ಗಮೂಲಕ್ಕೆ ಅತಿ ಹತ್ತಿರದ 9356ನ್ನು ಆರಿಸಿದರೆ ಮುಂದೆ ದಾರಿ ಮುಚ್ಚುತ್ತದೆ, ಏಕೆಂದರೆ ಅದು 4ರ ಅಪವರ್ತ್ಯ. 9355ನ್ನು ಆರಿಸಿದರೆ 23,294 ಉಳಿಯುತ್ತದೆ; ಅದರಿಂದ 151² = 22,801ನ್ನು ಕಳೆದರೆ 493 ಉಳಿಯುತ್ತದೆ; 493 = 22² + 3². ಹೀಗೆ 9355² + 151² + 22² + 3² = 8,75,39,319.

ಆರನೆಯ ಹೆಜ್ಜೆ: ಘನಗಳ ಮೊತ್ತ

ವರ್ಗಗಳ ವಿಷಯದಲ್ಲಿ ಇಷ್ಟು ಬಿಗಿಯಾಗಿದ್ದ ಸಂಖ್ಯೆ ಘನಗಳ ವಿಷಯಕ್ಕೆ ಬಂದಾಗ ಕೈ ಬಿಚ್ಚುತ್ತದೆ. 1ರಿಂದ 444ರವರೆಗಿನ ಪ್ರತಿ ಸಂಖ್ಯೆಯ ಘನವನ್ನು ಕಳೆದು, ಉಳಿದದ್ದು ಘನವೇ ಎಂದು ನೋಡುವುದು ಒಂದು ದಾರಿ. ಅದು ತಪ್ಪಲ್ಲ, ಆದರೆ ಬೇಸರದ ಕೆಲಸ. ಅಪವರ್ತನಗಳು ಕೈಯಲ್ಲಿರುವಾಗ ನಾಲ್ಕೇ ಪ್ರಯತ್ನಗಳಲ್ಲಿ ಮುಗಿಸಬಹುದು.

ಘನಗಳನ್ನು ಕೊಡುವ ಎರಡು ಸಂಖ್ಯೆಗಳನ್ನು ಕ ಮತ್ತು ಖ ಎಂದು ಕರೆಯೋಣ. ಶಾಲೆಯಲ್ಲಿ ಕಲಿತ ನಿತ್ಯಸಮೀಕರಣ ಹೀಗಿದೆ:

ಕ³ + ಖ³ = (ಕ + ಖ)(ಕ² − ಕಖ + ಖ²)

ಇದರ ಅರ್ಥ, ಕ + ಖ ಎಂಬ ಮೊತ್ತ ನಮ್ಮ ಸಂಖ್ಯೆಯ ಅಪವರ್ತನವಾಗಿರಲೇಬೇಕು. ಆ ಮೊತ್ತವನ್ನು ಮ ಎಂದೂ, ಸಂಖ್ಯೆಯನ್ನು ಅದರಿಂದ ಭಾಗಿಸಿದಾಗ ಬರುವ ಭಾಗಲಬ್ಧವನ್ನು ಲ ಎಂದೂ ಬರೆದರೆ, ಸ್ವಲ್ಪ ಬೀಜಗಣಿತದಿಂದ ಈ ಸೂತ್ರ ಸಿಗುತ್ತದೆ:

(ಕ − ಖ)² = (4ಲ − ಮ²) ÷ 3

ಬಲಭಾಗ ಪೂರ್ಣ ವರ್ಗವಾದರೆ ಕ − ಖ ಸಿಕ್ಕಿತು. ಮೊತ್ತವೂ ವ್ಯತ್ಯಾಸವೂ ಗೊತ್ತಾದ ಮೇಲೆ ಎರಡೂ ಸಂಖ್ಯೆಗಳು ಸಿಕ್ಕಂತೆಯೇ.

64 ಅಪವರ್ತನಗಳನ್ನೂ ಪ್ರಯತ್ನಿಸಬೇಕಾಗಿಲ್ಲ. ಲ ಎಂಬುದು ಮ²ಕ್ಕಿಂತ ಕಡಿಮೆ, ಆದರೆ ಅದರ ಕಾಲು ಭಾಗಕ್ಕಿಂತ ಕಡಿಮೆಯಲ್ಲ. ಆದ್ದರಿಂದ ಮ ಎಂಬುದು ನಮ್ಮ ಸಂಖ್ಯೆಯ ಘನಮೂಲಕ್ಕಿಂತ ದೊಡ್ಡದಾಗಿರಬೇಕು, ಸಂಖ್ಯೆಯ ನಾಲ್ಕರಷ್ಟರ ಘನಮೂಲವನ್ನು ಮೀರಬಾರದು. ನಾಲ್ಕರಷ್ಟು ಎಂದರೆ 35,01,57,276. ಅದರ ಘನಮೂಲ 704 ಮತ್ತು 705ರ ನಡುವೆ ಇದೆ. ಹೀಗಾಗಿ 445ರಿಂದ 704ರವರೆಗೆ ಇರುವ ಅಪವರ್ತನಗಳು ಮಾತ್ರ ಸಾಕು. ಅವು 469, 603, 651, 669. ಒಟ್ಟು ನಾಲ್ಕು.

ಇವುಗಳನ್ನೂ ಸೋಸಬಹುದು. ಮೂರು ಅನುಕ್ರಮ ಸಂಖ್ಯೆಗಳ ಗುಣಲಬ್ಧ ಯಾವಾಗಲೂ 6ರ ಅಪವರ್ತ್ಯವಾದ್ದರಿಂದ, ಒಂದು ಸಂಖ್ಯೆಗೂ ಅದರ ಘನಕ್ಕೂ 6ರ ಲೆಕ್ಕದಲ್ಲಿ ಒಂದೇ ಶೇಷ. ಆದ್ದರಿಂದ ಮ ಮತ್ತು ನಮ್ಮ ಸಂಖ್ಯೆ 6ರಿಂದ ಭಾಗಿಸಿದಾಗ ಒಂದೇ ಶೇಷವನ್ನು ಉಳಿಸಬೇಕು. ನಮ್ಮ ಸಂಖ್ಯೆ ಬೆಸವೂ ಹೌದು, 3ರ ಅಪವರ್ತ್ಯವೂ ಹೌದು. ಅದರ ಶೇಷ 3. ಆದರೆ 469ರ ಶೇಷ 1. ಅದು ಹೊರಗೆ ಹೋಯಿತು. ಉಳಿದ ಮೂರನ್ನು ಸೂತ್ರದಲ್ಲಿಟ್ಟು ನೋಡೋಣ.

ಮ = 603 ಆದಾಗ ಲ = 1,45,173. 4ಲ − ಮ² = 5,80,692 − 3,63,609 = 2,17,083; ಅದರ ಮೂರನೆಯ ಒಂದು ಭಾಗ 72,361 = 269². ಮೊತ್ತ 603, ವ್ಯತ್ಯಾಸ 269. ಆದ್ದರಿಂದ ಸಂಖ್ಯೆಗಳು 436 ಮತ್ತು 167.

ಮ = 651 ಆದಾಗ ಲ = 1,34,469. 5,37,876 − 4,23,801 = 1,14,075; ಮೂರನೆಯ ಒಂದು ಭಾಗ 38,025 = 195². ಸಂಖ್ಯೆಗಳು 423 ಮತ್ತು 228.

ಮ = 669 ಆದಾಗ ಲ = 1,30,851. 5,23,404 − 4,47,561 = 75,843; ಮೂರನೆಯ ಒಂದು ಭಾಗ 25,281 = 159². ಸಂಖ್ಯೆಗಳು 414 ಮತ್ತು 255.

ಮೂರಕ್ಕೆ ಮೂರೂ ಪೂರ್ಣ ವರ್ಗಗಳಾದವು. ಈ ಲೆಕ್ಕವನ್ನು ಎಷ್ಟು ಬಾರಿ ಮಾಡಿದರೂ ಇಲ್ಲಿ ಬಂದಾಗ ನನಗೆ ಮೊದಲ ಸಲದ ಸಂತೋಷವೇ ಆಗುತ್ತದೆ. ಬಂದ ಉತ್ತರಗಳನ್ನು ಘನಗಳಿಂದಲೇ ತಾಳೆ ನೋಡಬೇಕು:

46,57,463 + 8,28,81,856 = 8,75,39,319 (167³ + 436³)
1,18,52,352 + 7,56,86,967 = 8,75,39,319 (228³ + 423³)
1,65,81,375 + 7,09,57,944 = 8,75,39,319 (255³ + 414³)

ನಾಲ್ಕನೆಯ ಬಗೆ ಇಲ್ಲವೆಂಬುದೂ ಇದೇ ಲೆಕ್ಕದಿಂದ ಸಾಧಿತವಾಯಿತು, ಏಕೆಂದರೆ ಪ್ರಯತ್ನಿಸಬೇಕಾದ ಅಪವರ್ತನ ಇನ್ನೊಂದು ಉಳಿದಿಲ್ಲ. ಕ್ಯಾಲ್ಕ್ಯುಲೇಟರಿನಲ್ಲಿ ಒಂದೊಂದೇ ಘನವನ್ನು ಕಳೆಯುತ್ತ ಹೋದವರಿಗೆ ಉತ್ತರಗಳು ಸಿಗುತ್ತವೆ, ಆದರೆ ಅವು ಏಕೆ ಅಷ್ಟೇ ಎಂಬುದು ತಿಳಿಯುವುದಿಲ್ಲ.

ಈ ಔದಾರ್ಯಕ್ಕೆ ಕಾರಣ

ಕಾರಣ ಇರುವುದು ಅವಿಭಾಜ್ಯ ಅಪವರ್ತನಗಳ ಶೇಷಗಳಲ್ಲಿ. 7, 31, 67, 223 ಇವುಗಳನ್ನು 3ರಿಂದ ಭಾಗಿಸಿ ನೋಡಿದರೆ ನಾಲ್ಕಕ್ಕೂ 1 ಉಳಿಯುತ್ತದೆ. ಆಯ್ಲರ್ ಎಣಿಕೆಯಲ್ಲಿ ಪ್ರತಿಯೊಂದೂ 6ರ ಅಪವರ್ತ್ಯವಾದದ್ದು ಇದರಿಂದಲೇ. 3ರಿಂದ ಭಾಗಿಸಿದಾಗ 1 ಉಳಿಸುವ ಅವಿಭಾಜ್ಯವನ್ನು ಯಾವಾಗಲೂ ಕ² − ಕಖ + ಖ² ಎಂಬ ರೂಪದಲ್ಲಿ ಬರೆಯಬಹುದು: 7 = 9 − 3 + 1 (3 ಮತ್ತು 1), 31 = 36 − 6 + 1 (6 ಮತ್ತು 1), 67 = 81 − 18 + 4 (9 ಮತ್ತು 2), 223 = 289 − 102 + 36 (17 ಮತ್ತು 6). ಈ ರೂಪದ ಎರಡು ಸಂಖ್ಯೆಗಳನ್ನು ಗುಣಿಸಿದರೆ ಮತ್ತೆ ಇದೇ ರೂಪದ ಸಂಖ್ಯೆ ಬರುತ್ತದೆ, ಮತ್ತು ಗುಣಿಸುವ ಅವಿಭಾಜ್ಯಗಳು ಹೆಚ್ಚಾದಂತೆ ಬರೆಯುವ ಬಗೆಗಳೂ ಹೆಚ್ಚುತ್ತವೆ. 2, 5, 11ರಂತೆ 3ರಿಂದ ಭಾಗಿಸಿದಾಗ 2 ಉಳಿಸುವ ಅವಿಭಾಜ್ಯಗಳಿಗೆ ಆ ರೂಪದೊಳಗೆ ಪ್ರವೇಶವಿಲ್ಲ. ಕ ಮತ್ತು ಖ ಎರಡನ್ನೂ ಭಾಗಿಸಿದರೆ ಮಾತ್ರ ಅವು ಬರಬಲ್ಲವು. 1729 = 7 × 13 × 19 ಎಂಬಲ್ಲಿಯೂ ಮೂರು ಅವಿಭಾಜ್ಯಗಳು 3ರ ಲೆಕ್ಕದಲ್ಲಿ 1ನ್ನೇ ಉಳಿಸುತ್ತವೆ. ಇಷ್ಟರಿಂದಲೇ ಘನಗಳು ಸಿಗುತ್ತವೆ ಎನ್ನಲಾಗದು, ಏಕೆಂದರೆ ಮ ಮತ್ತು ಲ ಎರಡೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ಆದರೆ ಹುಡುಕುವ ನೆಲ ಫಲವತ್ತಾಗಿದೆಯೇ ಎಂಬುದನ್ನು ಶೇಷ ತಿಳಿಸುತ್ತದೆ.

ಇದೇ ನಾಲ್ಕು ಅವಿಭಾಜ್ಯಗಳನ್ನು 4ರಿಂದ ಭಾಗಿಸಿದರೆ ನಾಲ್ಕೂ 3ನ್ನು ಉಳಿಸುತ್ತವೆ, ಮತ್ತು ಎರಡು ವರ್ಗಗಳ ಮೊತ್ತಕ್ಕೆ ಅಡ್ಡ ನಿಲ್ಲುವುದು ಅಂಥ ಅವಿಭಾಜ್ಯಗಳೇ. ಎರಡನ್ನೂ ಸೇರಿಸಿ ಹೇಳುವುದಾದರೆ 7, 31, 67, 223 ಪ್ರತಿಯೊಂದನ್ನೂ 12ರಿಂದ ಭಾಗಿಸಿದಾಗ 7 ಉಳಿಯುತ್ತದೆ. ಘನಗಳಿಗೆ ತೆರೆದ ಬಾಗಿಲೂ ವರ್ಗಗಳಿಗೆ ಮುಚ್ಚಿದ ಬಾಗಿಲೂ ಈ ಒಂದು ಶೇಷದಲ್ಲಿಯೇ ಇವೆ.

3³ರ ಪಾತ್ರವೂ ಗಮನಾರ್ಹವಾದದ್ದು. 228, 423, 255, 414 ಈ ನಾಲ್ಕೂ 3ರ ಅಪವರ್ತ್ಯಗಳು; ಅವುಗಳಿಂದ 3ನ್ನು ತೆಗೆದರೆ 76³ + 141³ = 85³ + 138³ = 32,42,197 ಎಂದಾಗುತ್ತದೆ. ಆದರೆ 167 ಮತ್ತು 436 ಎರಡೂ 3ರ ಅಪವರ್ತ್ಯಗಳಲ್ಲ. ಆದ್ದರಿಂದ 32,42,197ಕ್ಕೆ ಎರಡೇ ಬಗೆಗಳು. 27ರಿಂದ ಗುಣಿಸಿದ ಮೇಲೆ ಮೂರನೆಯದು ಬಂದು ಸೇರಿತು.

ಏಳನೆಯ ಹೆಜ್ಜೆ: ಘನಗಳ ವ್ಯತ್ಯಾಸ

ಅನೇಕರು ಹಿಂದಿನ ಹೆಜ್ಜೆಯಲ್ಲಿಯೇ ನಿಲ್ಲುತ್ತಾರೆ, ಆದರೆ ಅದೇ ಉಪಾಯ ವ್ಯತ್ಯಾಸಕ್ಕೂ ಸಲ್ಲುತ್ತದೆ. ಕ − ಖ ಎಂಬುದನ್ನು ವ ಎಂದೂ, ಸಂಖ್ಯೆಯನ್ನು ಅದರಿಂದ ಭಾಗಿಸಿದ ಭಾಗಲಬ್ಧವನ್ನು ಮೊದಲಿನಂತೆ ಲ ಎಂದೂ ಬರೆದರೆ (ಕ + ಖ)² = (4ಲ − ವ²) ÷ 3. ಇಲ್ಲಿ ವ ಎಂಬುದು ಘನಮೂಲಕ್ಕಿಂತ, ಅಂದರೆ 445ಕ್ಕಿಂತ, ಚಿಕ್ಕ ಅಪವರ್ತನವಾಗಿರಬೇಕು ಮತ್ತು 6ರ ಲೆಕ್ಕದಲ್ಲಿ 3ನ್ನು ಉಳಿಸಬೇಕು. ಅಂಥವು 3, 9, 21, 27, 63, 93, 189, 201, 279 ಎಂಬ ಒಂಬತ್ತು. ಇವುಗಳಲ್ಲಿ 27 ಮತ್ತು 189 ತಕ್ಷಣ ಬಿದ್ದುಹೋಗುತ್ತವೆ, ಏಕೆಂದರೆ ಅವು 3ರ ಘಾತವನ್ನೆಲ್ಲ ತಾವೇ ತೆಗೆದುಕೊಂಡು ಲ ಎಂಬುದರಲ್ಲಿ 3ನ್ನು ಉಳಿಸುವುದಿಲ್ಲ. ಆಗ 4ಲ − ವ² ಎಂಬುದು 3ರಿಂದ ಭಾಗವಾಗದು. 21ಕ್ಕೆ 55,57,905 ಬರುತ್ತದೆ. ಅದು 5ರ ಅಪವರ್ತ್ಯವಾಗಿದ್ದೂ 25ರ ಅಪವರ್ತ್ಯವಲ್ಲದ ಕಾರಣ ವರ್ಗವಾಗಲಾರದು. 3, 9, 63, 201, 279 ಇವುಗಳಿಗೂ ಪೂರ್ಣ ವರ್ಗ ಬರುವುದಿಲ್ಲ.

ವ = 93 ಆದಾಗ ಲ = 9,41,283. 37,65,132 − 8,649 = 37,56,483; ಅದರ ಮೂರನೆಯ ಒಂದು ಭಾಗ 12,52,161 = 1119². ವ್ಯತ್ಯಾಸ 93, ಮೊತ್ತ 1119. ಸಂಖ್ಯೆಗಳು 606 ಮತ್ತು 513. ತಾಳೆ ನೋಡಿದರೆ 22,25,45,016 − 13,50,05,697 = 8,75,39,319. ಘನಗಳ ವ್ಯತ್ಯಾಸವಾಗಿ ಇದನ್ನು ಬರೆಯುವ ಬಗೆ ಇದೊಂದೇ.

ಇದನ್ನು ಆರನೆಯ ಹೆಜ್ಜೆಯ ಉತ್ತರಗಳೊಂದಿಗೆ ಸೇರಿಸಿದರೆ, 606ರ ಘನ ಮೂರು ಘನಗಳ ಮೊತ್ತವಾಗಿ ಮೂರು ಬಗೆಯಲ್ಲಿ ಒಡೆಯುತ್ತದೆ:

606³ = 513³ + 436³ + 167³ = 513³ + 423³ + 228³ = 513³ + 414³ + 255³